ಹಳದಿ ಹೊಳೆದ ಬ್ಲೌಸ್ ಪೀಸು

"ನೋಡಮ್ಮ ವಿಮಲ, ಕಂಪ್ಯೂಟರಲ್ಲಿ ಒಂದು ಪದ ಹುಡುಕಿದ್ರೆ ಅದು ಎಲ್ಲೆಲ್ಲಿದ್ಯೋ ಅಲ್ಲೆಲ್ಲ ಹಳದಿ ಹೊಳೆಯುತ್ತಲ್ಲ? ಅದನ್ನೇ ನಿನ್ನ ಟ್ರಂಕಿಗೆ ತಂದಿದೀನಿ!" ಎಂದು ಪಂಚಾಕ್ಷರಿ ಭಾವ ನಡುಮನೆಯಲ್ಲಿ ಎದೆಯುಬ್ಬಿಸಿ ನಿಂತರು. ನನ್ನ ಯಜಮಾನರ ಅಣ್ಣ ಅವರು. ಅವರೇ ಕಟ್ಟಿದ ಹಿಂದಿನ ಯಂತ್ರ ನಮ್ಮ ಮಿಕ್ಸಿಯನ್ನು ಬಲಿ ತೆಗೆದುಕೊಂಡಿತ್ತು. ಆದರೂ ಈ ಸಲ ನಾನೇ ಬೇಡಿಕೊಂಡಿದ್ದೆ, ಬೇರೆ ಗತಿಯಿರಲಿಲ್ಲ.

ನಂಜನಗೂಡಿನ ಸರ್ವಮಂಗಳಮ್ಮ ನಮ್ಮ ಮಗಳು ಕವನಳನ್ನು ಸೊಸೆ ಮಾಡಿಕೊಳ್ಳುವ ಮಾತಾಡಲು ಅಂದು ಬರುವವರಿದ್ದರು. ಅರಿಶಿನ ಕುಂಕುಮದ ಜೊತೆ ಅವರಿಗೊಂದು ಬ್ಲೌಸ್ ಪೀಸ್ ಕೊಡಬೇಕು. ಟ್ರಂಕಿನ ತುಂಬ ಇವೆ, ಒಂದನ್ನಾದರೂ ಹೊಲಿಸಿದ್ದೀನಾ! ಬಂದದ್ದನ್ನು ಮುಂದಕ್ಕೆ ದಾಟಿಸುವುದು ಲೋಕರೂಢಿ. ಆದರೆ ಕೊಟ್ಟವರಿಗೇ ತಿರುಗಿ ಕೊಟ್ಟರೆ ಮಾನ ಹೋಗುತ್ತದೆ. ಹೋದ ಗೌರಿ ಹಬ್ಬದಲ್ಲಿ ಈಯಮ್ಮ ಕೊಟ್ಟದ್ದು ಯಾವುದು, ನೆನಪಿದ್ದರೆ ಕೇಳಿ! ಅದೇ ಕೈಗೆ ಸಿಕ್ಕಿದರೆ ಸಂಬಂಧ ಅಲ್ಲಿಗೇ ಮುರಿಯಿತು.

ಸರ್ವಮಂಗಳಮ್ಮ ತಮ್ಮ ಕೈಯಾರೆ ಕಟ್ಟಿ ಕಳಿಸಿದ್ದ ರವೆ ಉಂಡೆಯೊಂದನ್ನು ಭಾವ ಯಂತ್ರದ ತಟ್ಟೆಯ ಮೇಲಿಟ್ಟರು. "ಇದರ ಮೇಲೆ ಯಾರ ಕೈ ಗುರುತು ಬೀಳುತ್ತೋ, ಆ ಕೈ ಮುಟ್ಟಿದ್ದೆಲ್ಲ ಹೊಳೆಯುತ್ತೆ." ಗುಂಡಿ ಒತ್ತಿದರು. ಟ್ರಂಕಿನಲ್ಲಿ ಒಂದು ಗಿಳಿಹಸಿರು ಪೀಸು ನಿಂಬೆಹಣ್ಣಿನ ಹಾಗೆ ಬೆಳಗಿತು!

"ಅಬ್ಬ, ಬದುಕಿದೆ ಭಾವ!" ಅದನ್ನು ಟ್ರಂಕಿನ ತಳಕ್ಕೆ ತುರುಕಿ, ಕೆಂಪನೆಯದೊಂದನ್ನು ಹರಿವಾಣಕ್ಕಿಟ್ಟೆ. "ಸರಿ, ಈಗ ಆ ಬೆಳಕು ಆರಿಸಿ."

"ಆರಿಸೋ ಗುಂಡಿ ಇನ್ನೂ ಹಾಕಿಲ್ಲ ಕಣಮ್ಮ. ಹುಡುಕೋದು ಮುಖ್ಯ ಅಲ್ವಾ?"

ಹೊರಗೆ ಆಟೋ ನಿಂತ ಸದ್ದು! ಯಂತ್ರವನ್ನೇ ಒಳಗೆ ಬಚ್ಚಿಡೋಣವೆಂದು ಉಂಡೆ ತಳ್ಳಿ ತಟ್ಟೆಗೆ ಕೈ ಹಾಕಿದೆ.

"ಮುಟ್ಬೇಡ! ನಿನ್ನ ಕೈ ಗುರುತು ತಗೊಂಡ್ಬಿಡುತ್ತೆ!"

ತೆಗೆದುಕೊಂಡೇಬಿಟ್ಟಿತು. ಸೌಟು, ಪೊರಕೆ, ಕವನಳ ಜಡೆ, ಯಜಮಾನರ ಎಡಗಿವಿ, ಎಲ್ಲ ಹಳದಿ!

"ಏನ್ರೀ ಇದು, ಹಗಲಲ್ಲೇ ಇಷ್ಟೊಂದು ಲೈಟು!" ಎನ್ನುತ್ತ ಸರ್ವಮಂಗಳಮ್ಮ ಒಳಗೆ ಬಂದರು.

"ನೀವು ಬರ್ತೀರ ಅಂತ ಅಲಂಕಾರ. ಕೂತ್ಕೊಳ್ಳಿ."

"ಕಿವಿಗೂನಾ?"

ಯಜಮಾನರು ಟವೆಲ್ ಸುತ್ತಿಕೊಂಡರು. ಸರ್ವಮಂಗಳಮ್ಮ ಕವನಳಿಗೇನೋ ಕೊಡಲೆಂದು ಚೀಲದ ಜಿಪ್ ಎಳೆದರು. ಒಳಗಿಂದ ಝಗ್ಗೆಂದು ಹಳದಿ ಬೆಳಕು! ಅವರ ಕೈಯಲ್ಲಿದ್ದ ನವಿಲಂಚಿನ ಬ್ಲೌಸ್ ಪೀಸು ನೋಡಿದೊಡನೆ ಗುರುತು ಹತ್ತಿತು. ಅದೇ ಗೌರಿ ಹಬ್ಬದಲ್ಲಿ ನಾನೇ ಅವರಿಗೆ ಕೊಟ್ಟಿದ್ದು!

"ಇದ್ಯಾಕೆ ಹೀಗೆ ಹೊಳೀತಿದೆ?" ಎಂದರು.

ಭಾವನಿಗೆ ವಿಜ್ಞಾನದ ವಿಷಯದಲ್ಲಿ ಸುಳ್ಳು ಹೇಳಲು ಬರುವುದಿಲ್ಲ. "ವಿಮಲ ಮುಟ್ಟಿದ್ದೆಲ್ಲ ಹೊಳೆಯುತ್ತೆ ಕಣ್ರಮ್ಮ. ಅವಳು ಕೊಟ್ಟಿದ್ದನ್ನ ಅವಳ ಮಗಳಿಗೇ ತಂದಿದೀರಿ!"

ಸರ್ವಮಂಗಳಮ್ಮನ ಮುಖ ಕಪ್ಪಿಟ್ಟಿತು. ಮುಗಿಯಿತು, ಸಂಬಂಧ ಕೈತಪ್ಪಿತು ಎಂದುಕೊಂಡೆ. ಭಾವನನ್ನು ಅಲ್ಲೇ ಹುರಿದು ಮುಕ್ಕಬೇಕೆನ್ನಿಸಿತು!

ಅಷ್ಟರಲ್ಲಿ ಬೀದಿಯಲ್ಲಿ ಗಲಾಟೆ ಎದ್ದಿತು. ಓಡಿ ನೋಡಿದರೆ ಮನೆಮನೆಯ ಬಾಗಿಲಲ್ಲೂ ಹೊಳೆಯುವ ಬ್ಲೌಸ್ ಪೀಸು ಹಿಡಿದ ಹೆಂಗಸರು!

"ಇದು ನಾನು ವಿಮಲಂಗೆ ಕೊಟ್ಟಿದ್ದು, ನಿಮ್ಮನೆಗೆ ಹೇಗ್ ಬಂತು?"

"ನೀನು ಕೊಟ್ಟಿದ್ದಾ? ನಿಂಗೆ ನಾನೇ ಅಲ್ವೇನೇ ಕೊಟ್ಟಿದ್ದು!"

ಕಿಟಕಿಯಿಂದ ನೋಡುತ್ತಿದ್ದ ಸರ್ವಮಂಗಳಮ್ಮನ ಮುಖ ಮೆಲ್ಲಗೆ ಅರಳಿತು. "ಎಲ್ಲರ ಮನೆ ದೋಸೆನೂ ತೂತೇ ಬಿಡಿ! ಬೀಗಿತ್ತಿ, ಮುಂದಿನ ತಿಂಗಳೇ ಲಗ್ನ ಇಟ್ಕೊಳ್ಳೋಣ. ಇದನ್ನ ಮಾತ್ರ ನಮ್ಮೂರಲ್ಲಿ ಹೇಳ್ಬೇಡಿ."

ಮದುವೆ ಚೆನ್ನಾಗಿಯೇ ಆಯಿತು. ಬಂದ ಹೆಂಗಸರಿಗೆಲ್ಲ ಬರೀ ತೆಂಗಿನಕಾಯಿ ಕೊಟ್ಟೆವು. ಕಾಯಾದರೆ ಮನೆಗೆ ಹೋಗಿ ಒಡೆದು ಚಟ್ನಿ ಮಾಡಿಬಿಡುತ್ತಾರೆ.