ಮನೆಗೂ ಜಿಮ್ಮಿಗೂ ನಡುವೆ ನಾಲ್ಕು ಕಿಲೋ

ನಮ್ಮ ಮನೆಯಿಂದ ಜಿಮ್ಮಿಗೆ ನಾನೂರ ಹತ್ತು ಹೆಜ್ಜೆ. ಅಷ್ಟು ದೂರದಲ್ಲಿ ನಾಲ್ಕು ಕಿಲೋ ದಪ್ಪಗಾದ ಹೆಂಗಸು ಚರಿತ್ರೆಯಲ್ಲಿ ಒಬ್ಬಳೇ ಇರಬೇಕು, ಅದು ನಾನು. ಬೆಳಿಗ್ಗೆ ಐದೂವರೆಗೆ ನಮ್ಮ ಮಲಗುವ ಕೋಣೆಯ ತೂಕದ ಯಂತ್ರದಲ್ಲಿ ಅರವತ್ತನಾಲ್ಕು. ಆರಕ್ಕೆ ಜಿಮ್ಮಿನ ಯಂತ್ರದಲ್ಲಿ ಅರವತ್ತೆಂಟು. ನಡುವೆ ನಾನು ತಿಂದದ್ದು ಏನೂ ಇಲ್ಲ, ಕುಡಿದದ್ದು ಅರ್ಧ ಲೋಟ ನೀರು. (ಅರ್ಧ ಲೋಟ ನೀರಿನ ತೂಕ ನೂರು ಗ್ರಾಂ. ನಾನು ಬಿಎಸ್ಸಿ ಓದಿದವಳು.)

ಮೂರು ತಿಂಗಳ ಶುಲ್ಕವನ್ನು ಮುಂಗಡವಾಗಿ ಕಟ್ಟಿಸಿಕೊಂಡ ಮೇಲೆಯೇ ನನ್ನನ್ನು ಆ ಯಂತ್ರ ಹತ್ತಿಸಿದರು ಎಂಬುದನ್ನು ಗಮನಿಸಬೇಕು.

ನಾನು ಅಲ್ಲಿಗೆ ಹೋದದ್ದು ಸಣ್ಣಗಾಗುವ ಆಸೆಯಿಂದಲ್ಲ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು ನನ್ನ ಕೆಲಸ. ಅದಕ್ಕೊಂದು ಮಾದರಿ ಬಟ್ಟುಗಳ ಪೆಟ್ಟಿಗೆ ಇದೆ, ಒಟ್ಟು ಇಪ್ಪತ್ತು ಕಿಲೋ. (ಪೆಟ್ಟಿಗೆಯ ಮರ ಸೇರಿಸಿದರೆ ಇಪ್ಪತ್ತೆರಡೂವರೆ.) ಇಪ್ಪತ್ತನಾಲ್ಕು ವರ್ಷ ಅದನ್ನು ನಾನೇ ಎತ್ತಿ ಜೀಪಿನಲ್ಲಿಟ್ಟಿದ್ದೇನೆ. ಐವತ್ತು ತುಂಬಿದ ಮೇಲೆ ಪೆಟ್ಟಿಗೆ ನೆಲ ಬಿಡಲು ಒಪ್ಪುತ್ತಿಲ್ಲ. ಇದನ್ನು ಕಂಡ ಮೇಲಧಿಕಾರಿ ಬಹಳ ಮರ್ಯಾದೆಯಿಂದ, ಇನ್ನು ಮೂರು ತಿಂಗಳು ನೋಡೋಣ, ಆಗದಿದ್ದರೆ ಕಚೇರಿಯಲ್ಲೇ ಕೂತು ಕಡತ ನೋಡಿಕೊಳ್ಳಿ ಎಂದರು. ಕಡತದಲ್ಲಿ ಯಾವ ಕಳ್ಳನೂ ಸಿಗುವುದಿಲ್ಲ, ಧೂಳು ಸಿಗುತ್ತದೆ. ಡಾಕ್ಟರಮ್ಮನನ್ನು ಕೇಳಿದೆ. ಈ ವಯಸ್ಸಿನಲ್ಲಿ ಹೆಂಗಸರ ಸ್ನಾಯುಗಳು ಅರ್ಜಿ ಕೊಡದೆ ರಜೆ ಹೋಗುತ್ತವೆ, ಭಾರ ಎತ್ತಿದರೆ ವಾಪಸು ಬರುತ್ತವೆ ಎಂದರು. ಅದಕ್ಕೇ ಜಿಮ್ಮು.

ಆದರೆ ಅಲ್ಲಿನ ಕೋಚಮ್ಮ (ವಯಸ್ಸು ಮೂವತ್ತು, ಮೈಮೇಲೆ ಒಂದು ಗ್ರಾಂ ಹೆಚ್ಚುವರಿ ಇಲ್ಲ) ನನ್ನ ಕೈಗೆ ಅರ್ಧ ಕಿಲೋದ ಎರಡು ಗುಲಾಬಿ ಡಂಬೆಲ್ ಕೊಟ್ಟಳು. ನನ್ನ ಕೈಚೀಲವೇ ಎರಡು ಕಿಲೋ ಇದೆ, ಅದನ್ನು ಶುಲ್ಕವಿಲ್ಲದೆ ದಿನವೂ ಹೊರುತ್ತೇನೆ.

"ಮೊದಲು ನಾಲ್ಕು ಕಿಲೋ ಇಳಿಸೋಣ ಆಂಟಿ, ಎತ್ತೋದು ಆಮೇಲೆ."

"ನಾನು ಇಳಿಸೋಕೆ ಬಂದಿಲ್ಲಮ್ಮ, ಎತ್ತೋಕೆ ಬಂದಿದೀನಿ. ಆ ನಾಲ್ಕು ಕಿಲೋ ನಂದಲ್ಲ, ನಿಮ್ಮ ಯಂತ್ರದ್ದು."

"ಈ ವಯಸ್ಸಲ್ಲಿ ಮೈಯಲ್ಲಿ ನೀರು ನಿಲ್ಲುತ್ತೆ ಆಂಟಿ."

ನಾನೂರ ಹತ್ತು ಹೆಜ್ಜೆಯಲ್ಲಿ ನಾಲ್ಕು ಲೀಟರ್ ನೀರು ನಿಲ್ಲಬೇಕಾದರೆ ನಾನು ಹೆಂಗಸಲ್ಲ, ಕೆರೆ.

ಮೋಸದ ಬಗೆ ನನಗೆ ಹೊಳೆಯಲು ತಡವಾಗಲಿಲ್ಲ. ಬೆಲೆ ಏರಿಸಿ ರಿಯಾಯಿತಿ ಕೊಡುವ ಬಟ್ಟೆ ಅಂಗಡಿಯ ಉಪಾಯವೇ ಇದು. ಮೊದಲ ದಿನ ನಾಲ್ಕು ಕಿಲೋ ಹೆಚ್ಚು ತೋರಿಸುವುದು, ಮೂರು ತಿಂಗಳ ನಂತರ ಸರಿಯಾದ ತೂಕ ತೋರಿಸಿ ಚಪ್ಪಾಳೆ ಹೊಡೆಸುವುದು. ನಮ್ಮಂಥ ಹೆಂಗಸರ ದುಡ್ಡು ಹೀಗೇ ಆವಿಯಾಗುತ್ತಿದೆ. ಪಕ್ಕದ ಮನೆಯ ದರ್ಜಿಯಮ್ಮ ಆರು ತಿಂಗಳ ಶುಲ್ಕ ಕಟ್ಟಿದವಳು, ಕೇಳಿ ಕುದಿದಳು.

ಮನೆಯಲ್ಲಿ ನನ್ನ ಗಂಡನಿಗೂ ವಿವರಿಸಿದೆ. ಅವರದು ಗಡಿಯಾರ ರಿಪೇರಿ. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ, ಹೋಗಲಿ ಬಿಡು, ಶುಲ್ಕ ಬೇಕಾದರೆ ನಾನೇ ಕೊಡುತ್ತೇನೆ ಎಂದರು. ಅವರು ಹೀಗೆ ತಾವಾಗಿ ದುಡ್ಡು ಕೊಡಲು ಬಂದದ್ದು ಮದುವೆಯಾದ ಮೇಲೆ ಅದೇ ಮೊದಲು. ಕೋಪದಲ್ಲಿದ್ದ ನನಗೆ ಅನುಮಾನ ಬರಲಿಲ್ಲ.

ಜಿಮ್ಮಿನ ಮೇಲೆ ದೂರು ದಾಖಲಾಯಿತು. ದೂರುದಾರಳು ನಾನು, ಸ್ವೀಕರಿಸಿದವಳು ನಾನು, ತನಿಖಾಧಿಕಾರಿಯೂ ನಾನೇ. ಸಂಜೆ ಡ್ರೈವರ್ ಪೆಟ್ಟಿಗೆಯನ್ನು ಮನೆಯಲ್ಲಿ ಇಳಿಸಿ ಹೋದ. ಮರುದಿನ ಬೆಳಿಗ್ಗೆ ಒಂದು ಹಿಡಿಕೆ ನಾನು, ಇನ್ನೊಂದು ದರ್ಜಿಯಮ್ಮ. ದಾರಿಯಲ್ಲಿ ಐದು ಸಲ ಇಳಿಸಿ ಸುಧಾರಿಸಿಕೊಂಡು ತಲುಪಿದೆವು.

ಒಂಬತ್ತು ಹೆಂಗಸರು ಸುತ್ತ ನಿಂತರು. ಪೀಠಿಕೆಯಾಗಿ ಗ್ರಾಹಕರ ಹಕ್ಕುಗಳ ಬಗ್ಗೆ ಎರಡು ಮಾತು ಹೇಳಿ, ಬಟ್ಟುಗಳನ್ನು ಒಂದೊಂದಾಗಿ ಯಂತ್ರದ ಮೇಲೆ ಜೋಡಿಸಿದೆ. ಹತ್ತಕ್ಕೆ ಹತ್ತು. ಹದಿನೈದಕ್ಕೆ ಹದಿನೈದು. ಇಪ್ಪತ್ತಕ್ಕೆ ಇಪ್ಪತ್ತು. ಬಟ್ಟು ತೆಗೆದು ನಾನು ಹತ್ತಿದೆ. ಅರವತ್ತೆಂಟು.

"ಆಂಟಿ, ಮನೇದು ಯಾವತ್ತಾದ್ರೂ ಚೆಕ್ ಮಾಡಿದೀರಾ?" ಎಂದಳು ಕೋಚಮ್ಮ.

ಈ ಪ್ರಶ್ನೆ, ನನಗೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ದರ್ಜಿಯಮ್ಮ ಮೆಲ್ಲಗೆ ಎರಡು ಹೆಜ್ಜೆ ಸರಿದು ಆ ಪಕ್ಷ ಸೇರಿದಳು. ಹಿಂದಿರುಗುವಾಗ ಇನ್ನೊಂದು ಹಿಡಿಕೆ ಹಿಡಿಯಲು ಕೋಚಮ್ಮನೇ ಬಂದಳು, ನಮ್ಮ ಹೊಸ್ತಿಲವರೆಗೆ. ಅವಳ ಸೌಜನ್ಯ ಇನ್ನಷ್ಟು ಉರಿಸಿತು.

ಪೆಟ್ಟಿಗೆಯನ್ನು ಒಳಗೆ ಎಳೆದುಕೊಂಡು ಹೋಗಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ನಮ್ಮ ಯಂತ್ರ ನೋಡಿದೆ. ಮುಳ್ಳು ಸೊನ್ನೆಯ ಮೇಲೆ ನೆಟ್ಟಗೆ ನಿಂತಿತ್ತು. ಅದನ್ನೇ ನೋಡಿ ಇಷ್ಟು ವರ್ಷ ನಂಬಿದ್ದೆ. ಇಪ್ಪತ್ತು ಕಿಲೋ ಇಟ್ಟೆ. ಹದಿನೆಂಟು ಮುಕ್ಕಾಲು ದಾಟಿ ಒಂದು ಕೂದಲೆಳೆ. ಶೇಕಡಾ ಆರು ಕಡಿಮೆ. ಸೊನ್ನೆಯನ್ನು ಮುಟ್ಟದೆ ತೂಕ ಮಾತ್ರ ತಿನ್ನುವಂತೆ ಸ್ಪ್ರಿಂಗ್ ಬಿಗಿಯುವುದು ಕೈಪಳಗಿದವರ ಕಸುಬು. ಅಂಥ ಕೈ ನಮ್ಮ ಮನೆಯಲ್ಲಿ ಒಂದೇ ಜೊತೆ ಇದೆ.

"ರೀ, ಇದನ್ನ ಬಿಚ್ಚಿದ್ದು ಯಾವಾಗ?" ಬಾಗಿಲು ತೆರೆದು ಗಂಡನನ್ನು ಕೇಳಿದೆ.

ಭೂತಗನ್ನಡಿ ಕೆಳಗಿಳಿಯಿತು. "ಚಿಕ್ಕವಳು ಶಾಲೆಗೆ ಸೇರಿದ ವರ್ಷ. ಒಂದೇ ಒಂದು ಸುತ್ತು ಬಿಗಿ ಮಾಡಿದೆ."

"ಯಾಕೆ?"

"ಅದರಿಂದ ಇಳಿದ ದಿನವೆಲ್ಲ ನೀನು ನಮ್ಮನ್ನ ಅಂಗಡಿಯವರನ್ನ ನೋಡೋ ಹಾಗೆ ನೋಡ್ತಿದ್ದೆ. ಮನೇಲಿ ನಾನೂ ಮಕ್ಕಳೂ ಬದುಕಬೇಕಿತ್ತಲ್ಲ."

ಇಪ್ಪತ್ತು ಗ್ರಾಂ ಕಡಿಮೆ ತೂಗಿದವನಿಗೆ ದಂಡ ಹಾಕಿದವಳು ನಾನು. ಹನ್ನೆರಡು ವರ್ಷದಿಂದ ನನ್ನದೇ ಮಂಚದ ಪಕ್ಕದಲ್ಲಿ ನಾಲ್ಕು ಕಿಲೋ ವಂಚನೆ ನಡೆದಿತ್ತು, ಅದರಿಂದ ನಾನೇ ಸಂತೋಷವಾಗಿದ್ದೆ. ಹೊರಗೆ ಜೀಪಿನ ಹಾರನ್ ಕೇಳಿತು. ಬಟ್ಟುಗಳನ್ನು ದಡಬಡ ಪೆಟ್ಟಿಗೆಗೆ ತುಂಬಿದೆ, ಬಾಗಿಲು ಕಾಲಲ್ಲಿ ತಳ್ಳಿದೆ, ಮೂರು ಮೆಟ್ಟಿಲಿಳಿದು, ಗೇಟು ದಾಟಿ, ಜೀಪಿನ ಹಿಂಭಾಗದಲ್ಲಿ ಧಡ್ ಎಂದು ಇಟ್ಟೆ.

ಮುಂದಿನ ಸೀಟಿನಲ್ಲಿದ್ದ ಮೇಲಧಿಕಾರಿ ತಿರುಗಿ ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. ಕಡತದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಗಂಡ ಗೇಟಿನವರೆಗೂ ಹಿಂದೆಯೇ ಬಂದಿದ್ದರು. ತಗ್ಗಿದ ದನಿಯಲ್ಲಿ ಹೇಳಿದರು: "ಸುಮ್ನೆ ಮೂರು ತಿಂಗಳ ದುಡ್ಡು ದಂಡ. ನನಗೊಂದು ಮಾತು ಹೇಳಿದ್ರೆ ನಾನೇ ದಿನಾ ಬಿಟ್ಟಿಯಾಗಿ ರೇಗಿಸ್ತಿದ್ದೆ."

ಶುಲ್ಕ ವಾಪಸಿಲ್ಲ ಎಂದು ರಸೀದಿಯ ಹಿಂದೆ ಅಚ್ಚಾಗಿದೆ, ಆದ್ದರಿಂದ ಜಿಮ್ಮಿಗೆ ಹೋಗುತ್ತಿದ್ದೇನೆ. ಕೋಚಮ್ಮ ಗುಲಾಬಿ ಡಂಬೆಲ್ ಕಿತ್ತುಕೊಂಡು ಕಬ್ಬಿಣದ್ದು ಕೊಟ್ಟಿದ್ದಾಳೆ. ಆದರೂ ಗಂಡ ಅದನ್ನಷ್ಟೇ ನಂಬಿ ಕೂತಿಲ್ಲ. ದಿನಾ ಬೆಳಿಗ್ಗೆ, ಇವತ್ತು ಪೆಟ್ಟಿಗೆ ಇದೆಯಾ ಎಂದು ಕೇಳುತ್ತಾರೆ. ಇದೆ ಎಂದರೆ ಚಹಾದ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ನನ್ನ ತಮ್ಮನ ವಿಷಯ ತೆಗೆಯುತ್ತಾರೆ.