ಸೀರೆ ಮಡಿಕೆಯೊಳಗಿನ ಎಂಟು ಹಾಳೆ

ಆ ಭಾನುವಾರ ರಜಿನಿಯ ಮರ್ಯಾದೆಯೆಲ್ಲ ಎಂಟು ಹಾಳೆಗಳ ಮೇಲೆ ನಿಂತಿತ್ತು. ಆ ಎಂಟು ಹಾಳೆಗಳೇ ಮನೆಯಲ್ಲಿ ಇರಲಿಲ್ಲ.

ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಮಗಳು ತ್ರಿವೇಣಿಯ ತಲೆ ಬಾಚಿ, ಮಗ್ಗಕ್ಕೆ ಬೇಕಾದಷ್ಟು ಕಂಡಿಕೆ ಸುತ್ತಿಟ್ಟಿದ್ದಳು. ಕಂಡಿಕೆ ಅಂದರೆ ಲಾಳಿಯೊಳಗೆ ಕೂಡುವ ನೂಲಿನ ಸುರುಳಿ. ನಾರಾಯಣಪೇಟೆಯ ಮಗ್ಗದ ಮನೆಗಳಲ್ಲಿ ಗಂಡಸರು ನೇಯುತ್ತಾರೆ, ಹೆಂಗಸರು ಕಂಡಿಕೆ ಸುತ್ತುತ್ತಾ ಸುತ್ತುತ್ತಾ ಮುದುಕಿಯರಾಗುತ್ತಾರೆ. ಇಷ್ಟೆಲ್ಲ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಹಬ್ಬದೂಟಕ್ಕೆ ಕೂತವಳ ಹಾಗೆ ಪುಸ್ತಕ ತೆಗೆದರೆ ಕಡೆಯ ಎಂಟು ಹಾಳೆ ಮಾಯ!

“ಅತ್ತೀ, ಇದರ ಕಡೀ ಹಾಳಿ ಎಲ್ಲಿ?”

ಅತ್ತೆ ಬುಚ್ಚಮ್ಮ ಅಡಕೊತ್ತಿನಿಂದ ತಲೆ ಎತ್ತಲಿಲ್ಲ. “ಆ ಉದುರಿದ್ದವಾ? ಸೀರ್ಯಾಗ ಇಟ್ಟೆ.”

ಅಂಗಡಿಗೆ ಹೋಗುವ ಸೀರೆಯನ್ನು ಮಡಿಸುವಾಗ ಜರಿಗೆ ಜರಿ ತಿಕ್ಕಬಾರದೆಂದು ನಡುವೆ ಕಾಗದ ಇಡುವುದು ಅವರ ಓಣಿಯ ರೂಢಿ. ಬೇರೆ ಮನೆಯವರಿಗೆಲ್ಲ ಹಳೆ ಪೇಪರ್ ಸಾಕು. ಬುಚ್ಚಮ್ಮನಿಗೆ ಆಗುವುದಿಲ್ಲ.

“ಪೇಪರಿನ ಮಸಿ ಜರಿಗೆ ಹತ್ತತೈತಿ. ನಿನ್ನ ಪುಸ್ತಕದ ಹಾಳಿ ಹಳೇವು, ಮಸಿ ಒಣಗೇತಿ, ಮೆತ್ತಗ ಅದಾವು. ನಾಕು ಸೀರಿಗೆ ಎರಡೆರಡು ಇಟ್ಟೆ. ಬರೋಬ್ಬರಿ ಆತು.”

“ಅದು ಓದೋ ಪುಸ್ತಕ ಅತ್ತೀ!”

“ಓದೋದು ಮುಂದಿಂದ ಅಲ್ಲೇನು? ಮುಂದಿನ ಹಾಳಿ ನಾ ಮುಟ್ಟೇ ಇಲ್ಲ,” ಅಂದಳು ಬುಚ್ಚಮ್ಮ. ಓದು ಬಾರದವಳ ಜೊತೆ ಯಾವ ನ್ಯಾಯ ಹೇಳುತ್ತೀರಿ?

ಎಂಟು ಹಾಳೆಗೆ ಇಷ್ಟು ರಂಪವೇ ಅಂದರೆ, ರಜಿನಿಯ ಹಳೆಯ ಪಾಪ ಸ್ವಲ್ಪ ಹೇಳಬೇಕು. ಕನ್ನಡ ಶಾಲೆಯಿಂದ ರಿಟೈರಾದ ಸತ್ಯಮ್ಮ ಟೀಚರ್ ತಮ್ಮ ಪಡಸಾಲೆಯಲ್ಲಿ ತಿಂಗಳಿಗೊಂದು ಭಾನುವಾರ ಸಾಯಂಕಾಲ ನಾಲ್ಕಕ್ಕೆ ಹೆಂಗಸರನ್ನು ಸೇರಿಸುತ್ತಿದ್ದರು. ಟೀಚರಿಗೆ ಕಣ್ಣು ಮಂಜಾಗಿ ಅಕ್ಷರ ಕಾಣದಂತಾಗಿತ್ತು, ಆದರೆ ಓದಿನ ಹಸಿವು ಹೋಗಿರಲಿಲ್ಲ. ಅದಕ್ಕೆ ರಾಯಚೂರಿನಿಂದ ಪುಸ್ತಕ ತರಿಸಿ ಒಬ್ಬೊಬ್ಬರ ಕೈಗೆ ಒಂದೊಂದು ಕೊಡುತ್ತಿದ್ದರು. ಓದಿದವರು ಮುಂದಿನ ತಿಂಗಳು ಎದ್ದು ನಿಂತು ಕತೆ ಏನು, ತಮಗೆ ಏನು ಅನ್ನಿಸಿತು ಹೇಳಬೇಕು. ಒಬ್ಬರು ಹೇಳಿದ ಪುಸ್ತಕವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಕತೆ ಗೊತ್ತಾದ ಮೇಲೆ ಓದುವುದೇನಿದೆ?

ರಜಿನಿಗೆ ಓದಲು ಪುರುಸೊತ್ತೆಲ್ಲಿ? ಮೊದಲ ತಿಂಗಳು ನಾಲ್ಕು ಪುಟ ಓದಿದಳು, ಬೆನ್ನಿನ ರಟ್ಟಿನ ಮೇಲಿದ್ದದ್ದು ಓದಿದಳು. ಉಳಿದದ್ದನ್ನು ಕಂಡಿಕೆ ಸುತ್ತುತ್ತಾ ತಾನೇ ಕಟ್ಟಿಕೊಂಡಳು. ಹೇಳುತ್ತಾ ಹೋದರೆ ಹೆಂಗಸರು ಮೂಗು ಒರೆಸಿಕೊಂಡರು. ಟೀಚರ್ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಹೀಗೆ ಹನ್ನೊಂದು ತಿಂಗಳು, ಹನ್ನೊಂದು ಪುಸ್ತಕ! “ನಮ್ಮವ್ವ ಎಷ್ಟು ಓದ್ಯಾಳ ಗೊತ್ತೇನು?” ಅಂತ ತ್ರಿವೇಣಿ ಶಾಲೆಯಲ್ಲಿ ಎದೆ ಉಬ್ಬಿಸಿದಳು.

ಹೋದ ತಿಂಗಳು ಸತ್ಯಮ್ಮ ಟೀಚರ್ ಅವಳ ಕೈ ಹಿಡಿದು, “ನನ್ನ ಕಣ್ಣು ಹೋಗಿಲ್ಲವ್ವ, ನಿನ್ನ ಹತ್ರ ಅದಾವು,” ಅಂದುಬಿಟ್ಟರು. ಅಂದಿನಿಂದ ರಜಿನಿಗೆ ಅನ್ನ ಸೇರಲಿಲ್ಲ. ಕಣ್ಣಿಲ್ಲದವರಿಗೆ ಸುಳ್ಳು ಹೇಳಿದೆನಲ್ಲ, ಥೂ ನನ್ನ ಬಾಳಿಗೆ, ಅಂತ ತನ್ನನ್ನು ತಾನೇ ಬೈದುಕೊಂಡಳು. ಈ ಸಲ ಮೊದಲ ಅಕ್ಷರದಿಂದ ಕಡೆಯ ಅಕ್ಷರದವರೆಗೆ ಓದಿ, ಇದ್ದದ್ದು ಇದ್ದಂತೆ ಹೇಳುತ್ತೇನೆ ಎಂದು ಆಣೆ ಮಾಡಿಕೊಂಡಳು.

ಓದಿದಳು ಕೂಡ. ಅನ್ನ ಕುದಿಯುವಾಗ ಎರಡು ಪುಟ, ನೀರು ಹಿಡಿಯುವಾಗ ಒಂದು ಪುಟ. ಎರಡು ಸಲ ಬೇಳೆ ಸೀದುಹೋಯಿತು. ಕೃಷ್ಣಾ ನದಿಯಲ್ಲಿ ಹರಿಗೋಲು ಹಾಕುವ ಗೌರವ್ವ ಅನ್ನುವ ಹೆಂಗಸಿನ ಕತೆ ಅದು. ಗಂಡ ಬಿಟ್ಟು ಹೋಗಿದ್ದಾನೆ, ಬೈಯುವ ಅತ್ತೆ ಇದ್ದಾಳೆ. ಪುಸ್ತಕ ಅಂದರೆ ಹೀಗಿರುತ್ತದೆಯೇ ಎಂದು ರಜಿನಿಗೆ ಗೊತ್ತಾದದ್ದೇ ಈಗ. ಇನ್ನು ಎಂಟು ಹಾಳೆ ಓದಿದ್ದರೆ ಅವಳು ಜನ್ಮದಲ್ಲಿ ಮೊದಲ ಸಲ ತಲೆ ಎತ್ತಿ ಆ ಪಡಸಾಲೆಗೆ ಹೋಗುತ್ತಿದ್ದಳು.

ಗಂಡ ವಿಜಯ್‌ಗೆ ಫೋನ್ ಹಚ್ಚಿದಳು. “ಸೀರಿ ಕೊಟ್ರೇನು?”

“ಮಕ್ತಲ್‌ನಾಗ ಸಾಯಿನಾಥ ಸೇಟ್ ಅಂಗಡಿಗೆ ಕೊಟ್ಟೆ. ಈಗ ನೂಲು ತರಾಕ ಗದ್ವಾಲ ಬಸ್ ಹತ್ತೀನಿ. ಯಾಕ?”

“ಏನಿಲ್ಲ, ಸುಮ್ನ ಕೇಳಿದೆ.”

ಅತ್ತೆಗೆ, “ಮಕ್ತಲ್‌ನಾಗ ನಮ್ಮ ಚಿಕ್ಕವ್ವಗ ಆರಾಮಿಲ್ಲಂತ, ನೋಡ್ಕೊಂಡು ಬರ್ತೀನಿ,” ಅಂದಳು. ಹನ್ನೊಂದು ತಿಂಗಳಿಂದ ಪಳಗಿದ ನಾಲಿಗೆ, ತಡವರಿಸಲಿಲ್ಲ. ಬುಚ್ಚಮ್ಮ ಅಯ್ಯೋ ಪಾಪ ಅಂದು, ಇಲ್ಲದ ರೋಗಿಗೆ ಒಂದು ಡಬ್ಬಿ ಗಂಜಿ ಕಟ್ಟಿಕೊಟ್ಟಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ರಜಿನಿ ಬಸ್ಸಿನಲ್ಲಿ ಕೂತಳು. ಪ್ರತಿ ಗುಂಡಿಗೂ ಗಂಜಿ ತುಳುಕಿ ಅವಳ ಪಾಪವನ್ನು ನೆನಪಿಸುತ್ತಿತ್ತು.

ನಾನು ವಿಜಯ್ ಹೆಂಡತಿ, ಸೀರೆಯೊಳಗಿನ ಹಾಳೆ ಕೊಡಿ ಅಂತ ಕೇಳಿದರೆ ಮುಗಿಯುತ್ತಿತ್ತಲ್ಲ ಅನ್ನುತ್ತೀರಿ. ಮುಗಿಯುತ್ತಿರಲಿಲ್ಲ. ಕೊಟ್ಟ ಸೀರೆಯನ್ನು ನೇಕಾರರ ಮನೆಯವರು ಮತ್ತೆ ಬಿಚ್ಚಿ ನೋಡಲು ಬಂದರೆ, ಸೀರೆಯಲ್ಲಿ ಏನೋ ಐಬು ಇದೆ ಎಂದೇ ಸೇಟುಗಳು ತಿಳಿಯುತ್ತಾರೆ. ಹಾಗಾಗಿ ರಜಿನಿ ಸೆರಗು ಹೊದ್ದುಕೊಂಡು ಗಿರಾಕಿಯಾಗಿ ಒಳಗೆ ಹೋದಳು.

“ಬರ್ರಿ ಅಕ್ಕಾ, ಕೂಡ್ರಿ,” ಅಂದ ಸಾಯಿನಾಥ. “ಮದುವಿಗೇನ್ರೀ?”

“ಹೂಂರಿ. ಇವತ್ತು ಬಂದ ಹೊಸ ಮಾಲು ತೋರಿಸ್ರಿ.”

ತನ್ನ ಮನೆಯ ಸೀರೆ ಅವಳಿಗೆ ಗುರುತು ಸಿಗದೇ ಇರುತ್ತದೆಯೇ? ಮೊದಲನೆಯದನ್ನು ಎಳೆದುಕೊಂಡು, ಮಡಿಕೆಯನ್ನು ಇಷ್ಟೇ ಇಷ್ಟು ಬಿಡಿಸಿ, ಅಂಚು ನೋಡುವವಳಂತೆ ತಲೆ ಬಗ್ಗಿಸಿ ಓದತೊಡಗಿದಳು. ಗೌರವ್ವನ ಅತ್ತೆ ಸತ್ತು ಮಣ್ಣಾಗಿದ್ದಳು. ಎರಡನೇ ಸೀರೆ ಬಿಚ್ಚಿದರೆ ಅದೇ ಅತ್ತೆ ಎದ್ದು ಕೂತು ಸೊಸೆಗೆ ಬೈಯುತ್ತಿದ್ದಳು. ಬುಚ್ಚಮ್ಮ ಹಾಳೆಗಳನ್ನು ಹಿಂದುಮುಂದು ಇಟ್ಟಿದ್ದಾಳೆಂದು ತಿಳಿಯಲು ರಜಿನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮೂರನೇ ಸೀರೆಯಲ್ಲಿ ಅತ್ತೆ ಸಾಯುವ ಗಳಿಗೆ. ಜನ್ಮವೆಲ್ಲ ಬೈದ ಮುದುಕಿ ಕಡೆಗೆ ಸೊಸೆಯ ಕೈ ಹಿಡಿದು, “ಉಂಡೆಯಾ?” ಅಂತ ಕೇಳಿ ಕಣ್ಣು ಮುಚ್ಚುತ್ತಾಳೆ. ರಜಿನಿಗೆ ದುಃಖ ಉಕ್ಕಿಬಂತು. ಸೀರೆ ಹಿಡಿದುಕೊಂಡೇ ಬಿಕ್ಕಿದಳು.

ಸಾಯಿನಾಥ ಗಾಬರಿಯಾದ. “ಅಯ್ಯೋ, ಅಳಬ್ಯಾಡ್ರಿ ಅಕ್ಕಾ! ರೇಟು ನಾನಿನ್ನೂ ಹೇಳೇ ಇಲ್ಲ! ಕಮ್ಮಿ ಮಾಡೋಣು!”

“ಇದರ ಜೋಡಿ ಇನ್ನೊಂದು ಇತ್ತಲ್ಲರಿ, ನಾಕನೇದು?”

“ಅದು ಬೋಣಿಗೇನೇ ಹೋತು. ಗದ್ವಾಲದೋರು ಯಾರೋ ಒಯ್ದ್ರು.”

ಹೋಯಿತು! ಕಡೆಯ ಎರಡು ಹಾಳೆ ಗದ್ವಾಲ ಸೇರಿದ್ದವು. ಕೈಗೆ ಸಿಕ್ಕ ಹಾಳೆಗಳ ಕಡೆಯ ಪುಟದಲ್ಲಿ, ಬಿಟ್ಟು ಹೋದ ಗಂಡ ಆಚೆ ದಂಡೆಗೆ ಬಂದು ನಿಂತು, “ಗೌರೀ, ದಾಟಿಸು,” ಅಂತ ಕೂಗುತ್ತಿದ್ದ. ಅವಳು ಹರಿಗೋಲು ಬಿಟ್ಟಳೋ ಇಲ್ಲವೋ ಆ ದೇವರಿಗೇ ಗೊತ್ತು. ರಜಿನಿ ಸೋತ ಮನಸ್ಸಿನಲ್ಲಿ ಆರು ಹಾಳೆಗಳನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿ, ಏನು ಮಾಡುತ್ತಿದ್ದೇನೆಂಬ ಎಚ್ಚರವಿಲ್ಲದೆ ಮೂರೂ ಸೀರೆಗಳನ್ನು ಜರಿ ಒಳಗೆ ಮಾಡಿ ನೀಟಾಗಿ ಮಡಿಸಿಟ್ಟಳು.

ಸಾಯಿನಾಥನ ಕಣ್ಣು ಸಣ್ಣದಾಯಿತು. “ಗಿರಾಕಿಗಳು ಸೀರಿ ಬಿಚ್ಚತಾರ, ಮಡಸೋದಿಲ್ಲ. ಹಿಂಗ ಮಡಸೋರು ಮಗ್ಗದ ಮನಿಯೋರು. ನೀವು ವಿಜಯ್ ಹೆಂಡ್ತಿ ಅಲ್ಲೇನು?”

ರಜಿನಿ ಭೂಮಿ ಬಿರಿಯಬಾರದೇ ಅಂದುಕೊಂಡಳು. ಮಕ್ತಲ್‌ನ ಭೂಮಿ ಗಟ್ಟಿ, ಬಿರಿಯಲಿಲ್ಲ.

“ಐಬು ಎಲ್ಲೈತಿ, ಖರೇ ಹೇಳ್ರಿ.”

“ಐಬು ಇಲ್ರಿ! ಪುಸ್ತಕದ ಹಾಳಿ ಇದ್ದವು, ಓದಾಕ ಬಂದಿದ್ದೆ.”

“ಸೀರಿ ಅಂಗಡಿಗೆ ಪುಸ್ತಕ ಓದಾಕ?” ಸಾಯಿನಾಥ ಸುತ್ತ ಇದ್ದ ಗಿರಾಕಿಗಳ ಕಡೆ ತಿರುಗಿ ನಕ್ಕ. ಆಮೇಲೆ ನಗು ನಿಲ್ಲಿಸಿ ಮೂರೂ ಸೀರೆಗಳನ್ನು ಅವಳ ಕಡೆ ನೂಕಿದ. “ಐಬಿನ ಮಾಲು ನನಗ ಬ್ಯಾಡ. ವಿಜಯ್‌ಗೆ ನಾನೇ ಫೋನ್ ಮಾಡ್ತೀನಿ.”

ಹೋಗುವಾಗ ಗಂಜಿ ಡಬ್ಬಿ ಒಂದೇ ಇತ್ತು. ಬರುವಾಗ ಅದರ ಜೊತೆ ಮೂರು ಸೀರೆ. ರೋಗಿಗೆ ಕಳಿಸಿದ ಗಂಜಿಯನ್ನು ಬಸ್ಸಿನಲ್ಲಿ ತಾನೇ ಕುಡಿದಳು. ಹಸಿವಾಗಿತ್ತು, ಮತ್ತೆ ಈಗ ರೋಗಿಯೂ ಅವಳೇ. ಗಂಡನ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಒಂದೇ ಸಮಾಧಾನವಿತ್ತು. ಎರಡು ಹಾಳೆ ಬಿಟ್ಟು ಪೂರ್ತಿ ಓದಿದ್ದೇನೆ, ಇವತ್ತಾದರೂ ಟೀಚರಿಗೆ ಖರೆ ಹೇಳುತ್ತೇನೆ.

ಬಸ್ಸಿಳಿದು, ಪುಸ್ತಕವನ್ನೂ ಸೀರೆಯ ಗಂಟನ್ನೂ ಹಿಡಿದು ನೇರ ಟೀಚರ ಮನೆಗೆ ಬಂದರೆ ಪಡಸಾಲೆ ತುಂಬಿತ್ತು. ತ್ರಿವೇಣಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಸತ್ಯಮ್ಮ ಟೀಚರ್ ಕಣ್ಣು ಮುಚ್ಚಿ, ಕೇಳಲು ಸಿದ್ಧರಾದರು.

ರಜಿನಿ ಶುರು ಮಾಡಿದಳು. ಖರೆ ಹೇಳುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ತಾನು ಕಟ್ಟಿದ ಕತೆಯಾದರೆ ನೀರು ಹರಿದಂತೆ ಬರುತ್ತಿತ್ತು. ಇದನ್ನು ಎಲ್ಲಿಂದ ಹಿಡಿಯಬೇಕೋ ತಿಳಿಯಲಿಲ್ಲ.

“ಒಬ್ಬಾಕಿ ಇರ್ತಾಳ್ರಿ... ಹರಿಗೋಲು ಹಾಕತಾಳ. ಗಂಡ ಬಿಟ್ಟು ಹೋಗಿರ್ತಾನ. ಅತ್ತಿ ಬೈತಾಳ. ಆಮ್ಯಾಲ ಅತ್ತಿ ‘ಉಂಡೀ ಏನು’ ಅಂತಾಳ, ಸಾಯತಾಳ. ನನಗ ಯಾಕೋ... ಅಳು ಬಂತ್ರಿ. ಯಾಕ ಅಂತ ಹೇಳಾಕ ಬರವಲ್ದು.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. “ಅಷ್ಟೇನಾ?” ಅಂದಳು ಪಕ್ಕದ ಮನೆಯ ರಾಧಿಕಾ. “ಗಂಡ ಬಂದನೋ ಇಲ್ಲೋ? ಕಡೀಗೆ ಏನಾತು?”

“ಆಚೀ ದಂಡಿಗೆ ಬಂದು ನಿಂತಾನ, ಮುಂದಿಂದು ಗೊತ್ತಿಲ್ಲ. ಕಡೀ ಎರಡು ಹಾಳಿ ಸೀರ್ಯಾಗ ಗದ್ವಾಲಕ್ಕ ಹೋಗ್ಯಾವು.”

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ರಾಧಿಕಾ ಪುಸ್ತಕ ಕಸಿದುಕೊಂಡು ತಿರುವಿದಳು. “ಅಯ್ಯಯ್ಯೋ, ನೋಡ್ರಿಲ್ಲಿ! ಓದಿಲ್ಲ ಅನ್ನಾಕ ನಾಚಿ ಹಾಳೀನ ಹರದಾಳ! ನಮ್ಮ ಹುಡುಗ ಮಾರ್ಕ್ಸ್ ಕಮ್ಮಿ ಬಂದ್ರ ಹಿಂಗ ಮಾಡ್ತಾನ!”

ತ್ರಿವೇಣಿ ತಲೆ ತಗ್ಗಿಸಿದಳು. ಅದನ್ನು ನೋಡಿ ರಜಿನಿಯ ಜೀವ ಹಿಡಿಯಷ್ಟಾಯಿತು.

ಟೀಚರ್ ಕಣ್ಣು ತೆರೆದರು. ಸಿಟ್ಟು ಮಾಡಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಓದಾಕ ಆಗಲಿಲ್ಲಂದ್ರ ಆಗಲಿಲ್ಲ ಅನ್ನಬೇಕವ್ವ. ಮನಿ ಐತಿ, ಮಕ್ಕಳದಾವು, ನಮಗ ತಿಳಿಯಂಗಿಲ್ಲೇನು? ಸುಳ್ಳು ಯಾಕ ಹೇಳ್ತಿ? ಓದಿದೋರ ಮಾತು ಹೆಂಗಿರ್ತೈತಿ ಅಂತ ನೀನೇ ತೋರಿಸೀದಿ. ಹನ್ನೊಂದು ತಿಂಗಳು ಎಷ್ಟು ಚಂದ ಹೇಳಿದಿ! ಆ ರಜಿನಿ ಎಲ್ಲಿ?”

ಇನ್ನು ತಡೆಯಲಾಗಲಿಲ್ಲ. ಆಗಿದ್ದಾಗಲಿ, ಎಲ್ಲ ಒಪ್ಪಿಕೊಂಡುಬಿಡುತ್ತೇನೆ ಎಂದು ರಜಿನಿ ಬಾಯಿ ತೆರೆದಳು. “ಟೀಚರಮ್ಮ, ನಾ ಸುಳ್ಳು ಹೇಳಿದ್ದು ಇವತ್ತಲ್ರಿ—”

“ಇರು, ಇರು. ಮೊದಲು ಇದು ನೋಡು,” ಅಂತ ಟೀಚರ್ ಕುರ್ಚಿಯ ಕೆಳಗಿಂದ ಒಂದು ಕಟ್ಟು ತೆಗೆದರು. ಬಿಚ್ಚಿದರೆ ಹೊಸ ಪುಸ್ತಕ, ಒಂದೇ ತರದವು ಐವತ್ತು. ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ ‘ರಜಿನಿ ಓದಿದ ಹನ್ನೊಂದು ಪುಸ್ತಕಗಳು’!

“ರೆಕಾರ್ಡ್ ಮಾಡಿದ್ದೆಲ್ಲಾ ನಮ್ಮ ಲಕ್ಷ್ಮಣ್‌ನ ಕೈಲೆ ಬರೆಸಿ ರಾಯಚೂರಿನಾಗ ಅಚ್ಚು ಹಾಕಿಸೀನಿ. ಇವತ್ತು ಕೊಟ್ಟು ನಿನಗ ಖುಷಿ ಮಾಡಬೇಕಂತ ಯಾರಿಗೂ ಹೇಳಿದ್ದಿಲ್ಲ.”

ಟೀಚರ ಮಗ ಲಕ್ಷ್ಮಣ್ ಬಾಗಿಲಲ್ಲಿ ನಿಂತು ಹಲ್ಲು ಕಿರಿದ. ತ್ರಿವೇಣಿ ಒಂದು ಪ್ರತಿ ಎಳೆದುಕೊಂಡು ಎದೆಗೆ ಅವಚಿಕೊಂಡಳು. “ಅವ್ವಾ, ನಿನ್ನ ಹೆಸರು!” ಅಂತ ಕೂಗಿ, ರಾಧಿಕಾಳ ಮೂಗಿನ ಮುಂದೆ ಹಿಡಿದು ತೋರಿಸಿದಳು.

“ಆ ಹನ್ನೊಂದು ಪುಸ್ತಕ ಬರೆದೋರಿಗೂ ಒಂದೊಂದು ಪೋಸ್ಟ್ ಮಾಡೀನಿ,” ಅಂದರು ಟೀಚರ್. “ಧಾರವಾಡದಿಂದ ಒಬ್ಬರು ನಿನ್ನೆ ಫೋನ್ ಮಾಡಿದ್ರು. ‘ನನ್ನ ಪುಸ್ತಕದಾಗ ನನಗೇ ಗೊತ್ತಿಲ್ಲದ್ದು ಈಕಿಗೆ ಹೆಂಗ ಕಾಣಿಸ್ತು, ಈಕೀನ್ನ ನೋಡಲೇಬೇಕು’ ಅಂದ್ರು. ಎಂಥಾ ದೊಡ್ಡ ಮಾತು! ಮುಂದಿನ ತಿಂಗಳು ಆ ಪುಸ್ತಕ ಹಿಡಕೊಂಡು ಇಲ್ಲಿಗೇ ಬರ್ತಾರಂತ. ನಿನ್ನ ಜೋಡಿ ಕೂತು ಹಾಳಿ ಹಾಳಿ ಮಾತಾಡಬೇಕಂತ.”

ರಜಿನಿ ಸೀರೆಯ ಗಂಟಿನ ಮೇಲೆಯೇ ಕುಸಿದು ಕೂತಳು.

“ಏನೋ ಹೇಳಾಕ ಹತ್ತಿದ್ದಿ. ಸುಳ್ಳು ಹೇಳಿದ್ದು ಇವತ್ತಲ್ಲ ಅಂದಿ. ಮತ್ತ ಯಾವತ್ತು?”

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ತ್ರಿವೇಣಿ ಪುಸ್ತಕ ಬಿಡಿಸಿ ಅವ್ವನ ಮಾತುಗಳನ್ನು ಬೆರಳಿಟ್ಟು ಓದುತ್ತಿದ್ದಳು, ಮುಖ ಅರಳಿತ್ತು. ರಜಿನಿ ಒಂದು ಸಲ ಮಗಳ ಕಡೆ ನೋಡಿದಳು, ಒಂದು ಸಲ ತಾನು ಬೇಳೆ ಸೀಯಿಸಿಕೊಂಡು ಓದಿದ ಗೌರವ್ವನ ಕತೆಯ ಕಡೆ ನೋಡಿದಳು.

“ಇವತ್ತೇ ರೀ,” ಅಂದಳು ನಾಚಿಕೆಯಿಂದ ಕುಗ್ಗಿ. “ಈ ಪುಸ್ತಕ ನಾ ಓದಿಲ್ಲ.”

ಸತ್ಯಮ್ಮ ಟೀಚರಿಗೆ ಕಣ್ಣು ತುಂಬಿ ಬಂತು. ತಡಕಾಡಿ ಅವಳ ತಲೆಯ ಮೇಲೆ ಕೈಯಿಟ್ಟರು. “ನೋಡ್ರಿ, ಇದಕ್ಕಂತಾರ ದೊಡ್ಡ ಗುಣ. ನಾಕು ಮಂದ್ಯಾಗ ಖರೆ ಒಪ್ಪಿಕೊಳ್ಳಾಕ ಧೈರ್ಯ ಬೇಕು. ಚಪ್ಪಾಳಿ ಹೊಡೀರಿ ಎಲ್ಲಾರೂ!”

ಎಲ್ಲರೂ ಹೊಡೆದರು. ತ್ರಿವೇಣಿ ಎಲ್ಲರಿಗಿಂತ ಜೋರಾಗಿ ಹೊಡೆದಳು.