ಶೆಟ್ಟರ ಮನೆಯಲ್ಲಿಟ್ಟ ಪ್ರಸ್ಥಾನ

ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು ಎಂದು ನಮ್ಮ ಧಾರವಾಡದ ಕಡೆ ಹೇಳುತ್ತಾರೆ. ಕೇಳಿದರೆ ಹೋದ ಕೆಲಸ ಆಗುವುದಿಲ್ಲವಂತೆ. ಇಷ್ಟೆಲ್ಲ ಯೋಚಿಸಿದ ಹಿರಿಯರು, ಹೊರಡುತ್ತೇನೆಂದು ಊರಿಗೆಲ್ಲ ಸಾರಿ ಕೊನೆಗೆ ಮನೆಯಲ್ಲೇ ಉಳಿದವನನ್ನು ಏನೂ ಕೇಳಬಾರದು ಎಂಬ ಇನ್ನೊಂದು ನಿಯಮವನ್ನು ಯಾಕೆ ಮಾಡಲಿಲ್ಲವೋ ತಿಳಿಯದು. ಮಾಡಿದ್ದರೆ ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ನಾನು ಇಷ್ಟು ಒದ್ದಾಡಬೇಕಾಗಿರಲಿಲ್ಲ. ನಮ್ಮ ಮಹಡಿ ಬರುವುದರೊಳಗೆ ಯಾರಾದರೊಬ್ಬರು "ನೇಪಾಳ ಹೇಗಿತ್ತು?" ಎಂದು ಕೇಳಿಯೇ ಕೇಳುತ್ತಿದ್ದರು. ಕಡೆಗೆ ಮೆಟ್ಟಿಲು ಹತ್ತಿ ಹೋಗುವುದನ್ನು ರೂಢಿ ಮಾಡಿಕೊಂಡೆ. ಆರೋಗ್ಯಕ್ಕೆ ಒಳ್ಳೆಯದು ಎಂದು ಮನೆಯಲ್ಲಿ ಹೇಳಿದೆ.

ನೇಪಾಳದ ಆಸೆ ನನ್ನದಲ್ಲ, ನನ್ನ ಹೆಂಡತಿ ಸುಮಿತ್ರೆಯದು. ಅವಳು ವಿಜಯಪುರದ ಬಿಸಿಲಿನಲ್ಲಿ ಬೆಳೆದು, ಮದುವೆಯಾಗಿ ಮುಂಬಯಿಯ ಸೆಕೆಗೆ ಬಂದವಳು. ಹಿಮ ನೋಡಬೇಕು, ಬರೀ ನೋಡಿದರೆ ಸಾಲದು, ಕೈಯಿಂದ ಮುಟ್ಟಬೇಕು ಎಂಬುದು ಅವಳ ಬಹುದಿನದ ಬಯಕೆ. ನಾನಾದರೋ ಪರೇಲಿನ ಆಫೀಸು, ಜೋಗೇಶ್ವರಿಯ ಮನೆ, ನಡುವಿನ ಲೋಕಲ್ಲು, ಇಷ್ಟರಲ್ಲೇ ಬ್ರಹ್ಮಾಂಡ ಕಂಡವನು. ರವಿವಾರ ಹಾಸಿಗೆಯಿಂದ ಸೋಫಾಕ್ಕೆ ಹೋಗುವುದನ್ನೂ ಪ್ರವಾಸವೆಂದೇ ತಿಳಿಯುತ್ತೇನೆ. ಒಂದು ವರ್ಷ ಆಡಿಟ್ಟು, ಒಂದು ವರ್ಷ ಮಗಳು ನೇಹಾಳ ಪರೀಕ್ಷೆ, ಇನ್ನೊಂದು ವರ್ಷ ನನ್ನ ಹಲ್ಲುನೋವು, ಹೀಗೆ ನೆವಗಳು ತಾವಾಗಿಯೇ ಒದಗಿ ಬರುತ್ತಿದ್ದವು. "ಫ್ರಿಜ್ಜಿನ ಮ್ಯಾಲಿನ ಬಾಗಿಲಾ ತೆಗಿ, ಹಿಮಾಲಯ ಅಲ್ಲೇ ಅದ" ಎಂದು ಒಮ್ಮೆ ಜೋಕು ಮಾಡಿದ್ದೆ. ಆ ವಾರವಿಡೀ ಹಿಮಾಲಯದ ಹವೆ ಅಡಿಗೆಮನೆಯಿಂದ ನನ್ನ ತಟ್ಟೆಯವರೆಗೂ ಬೀಸುತ್ತಿತ್ತು.

ಈ ವರ್ಷ ಮಾತ್ರ ತಪ್ಪಿಸಿಕೊಳ್ಳುವಂತಿರಲಿಲ್ಲ. ಸುಮಿತ್ರೆಯ ಮೊಣಕಾಲು ಸವೆದು ಹೋಗಿದ್ದವು. ಆಪರೇಷನ್ ಮಾಡಲೇಬೇಕು, ಆಮೇಲೆ ಬೆಟ್ಟಗುಡ್ಡದ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತ ಅವಳು, "ಹಂಗಾರ ಅದಕ್ಕಿಂತ ಮೊದಲ ಹೋಗಿ ಬರೂಣು. ಕಾಲು ಅದಾವ ಅನ್ನೋದ್ರಾಗ" ಎಂದಳು. ಟೂರ್ ಕಂಪನಿಯೊಂದರ ಪ್ಯಾಕೇಜು ಬುಕ್ ಆಯಿತು. ಕಾಠ್ಮಂಡು, ಪೋಖರಾ, ಕೊನೆಗೆ ಜೀಪಿನಲ್ಲಿ ಹಿಮ ಇರುವಲ್ಲಿಗೆ.

ಆದರೆ ಟೂರ್ ಕಂಪನಿಯವರು ಪಂಚಾಂಗ ನೋಡುವುದಿಲ್ಲ. ಹೊರಡುವ ದಿನ ಅಮಾವಾಸ್ಯೆಯ ಮೇಲೆ ಬಂದು ಕೂತಿತು. ಇದಕ್ಕೆ ನಮ್ಮವರಲ್ಲಿ ಒಂದು ಉಪಾಯವಿದೆ, ಪ್ರಸ್ಥಾನ ಇಡುವುದು. ಮೊದಲೇ ಒಂದು ಒಳ್ಳೆಯ ದಿನ ನೋಡಿ, ಪ್ರಯಾಣದ ಗಂಟನ್ನು ನೆರೆಮನೆಯಲ್ಲಿ ಇಟ್ಟು ಬಂದರೆ, ಪ್ರಯಾಣ ಆ ದಿನವೇ ಶುರುವಾದಂತೆ ಲೆಕ್ಕ. ಆಮೇಲೆ ಅಮಾವಾಸ್ಯೆಯಂದೇ ಹೊರಟರೂ ಗ್ರಹಗಳು ಕಣ್ಣು ಮುಚ್ಚಿಕೊಳ್ಳುತ್ತವೆ. ತೊಡಕು ಒಂದೇ. ಹಾಗೆ ಇಟ್ಟ ಗಂಟು ಪ್ರಯಾಣ ಮುಗಿಸದೆ ಮತ್ತೆ ನಮ್ಮ ಹೊಸ್ತಿಲು ದಾಟಬಾರದು.

ಎದುರು ಫ್ಲ್ಯಾಟಿನ ಶೆಟ್ಟರು ಉಡುಪಿಯವರು, ಸ್ಟೇಷನ್ನಿನ ಹತ್ತಿರ ಸಣ್ಣ ಹೋಟೆಲು ನಡೆಸುತ್ತಾರೆ. ಶುಕ್ರವಾರ ಬೆಳಿಗ್ಗೆ ಸುಮಿತ್ರೆ ಸೂಟ್‌ಕೇಸು ತುಂಬಿ, ಕುಂಕುಮ ಹಚ್ಚಿ, ನನ್ನ ಕೈಯಿಂದಲೇ ಅದನ್ನು ಅವರ ಮನೆಗೆ ಹೊರಿಸಿದಳು. "ಇಡಿ ಮಾರಾಯ್ರೆ, ಅದಕ್ಕೆಂತ?" ಎಂದರು ಶೆಟ್ಟರು. "ಆದ್ರೆ ನಮ್ಮ ಮನೆ ನೇಪಾಳದ ದಾರಿಯಲ್ಲಿ ಬರುವುದಿಲ್ಲವಲ್ಲ."

ಎರಡು ದಿನ ಕಳೆದಿರಲಿಲ್ಲ, ನೇಪಾಳದಲ್ಲಿ ಗಲಾಟೆ ಶುರುವಾದ ಸುದ್ದಿ ಬಂತು. ನೇಹಾ ಮೊಬೈಲು ನೋಡುತ್ತ, "ಪಪ್ಪಾ, ಗವರ್ನಮೆಂಟ್ ಕಾ ಅಡ್ವೈಸರಿ ಚೇಂಜ್ ಆಗಿದೆ. ನಾನ್-ಎಸೆನ್ಷಿಯಲ್ ಟ್ರಾವೆಲ್ ಮಾಡಬೇಡಿ, ಅಂತ... ಮತ್ಲಬ್, ಜರೂರಿ ಇಲ್ಲದ್ದು" ಎಂದಳು. ನನಗೆ ಒಳಗೊಳಗೇ ಹಾಯೆನಿಸಿತು. ದೇಶದ ಸರ್ಕಾರವೇ ನನ್ನ ಪರವಾಗಿ ನೆವ ಹುಡುಕಿ ಕೊಟ್ಟಿತ್ತು, ಅದೂ ಇಂಗ್ಲಿಷಿನಲ್ಲಿ. ಮುಖ ಆದಷ್ಟು ಸಣ್ಣದು ಮಾಡಿಕೊಂಡು ಟೂರ್ ಕಂಪನಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ, "ಅಂಕಲ್, ದೋ ದಿನ್ ರುಕಿಯೇ ನಾ, ಶಾಯದ್ ಡೇಟ್ ಆಗೇ ಹೋ ಜಾಯೇಗಾ" ಎಂದಳು. ನಾನು ಕಾಯಲಿಲ್ಲ. ತಾರೀಖು ಮುಂದೆ ಹೋಗುವುದು ಬೇಡ ಎಂದು ಕ್ಯಾನ್ಸಲ್ ಮಾಡಿಸಿಯೇಬಿಟ್ಟೆ. ಮುಂದೆ ಕಂಪನಿಯವರೇ ಎಲ್ಲರದನ್ನೂ ರದ್ದು ಮಾಡಿದರು, ಆದ್ದರಿಂದ ನಾನು ಮಾಡಿದ್ದು ತಪ್ಪಲ್ಲ. ಮಾಡಿದ ವೇಗ ಮಾತ್ರ ಈಗಲೂ ಚುಚ್ಚುತ್ತದೆ.

ಸುಮಿತ್ರೆ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಸೋಸುತ್ತಿದ್ದ ಮೆಂತ್ಯದ ಸೊಪ್ಪನ್ನು ಮಡಿಲಲ್ಲೇ ಬಿಟ್ಟು, "ಜರೂರಿ ಇಲ್ಲಂತ ಅವರು ಬರದಾರ, ಖರೇ. ನಂದು ಜರೂರಿ ಅದನೋ ಇಲ್ಲೋ ಅಂತ ನಿಮ್ಮನ್ನ ಕೇಳಿದ್ರ ಏನ ಹೇಳತಿದ್ರಿ?" ಎಂದು ಕೇಳಿದಳು. ನಾನು ಸೊಪ್ಪು ಸೋಸಲು ಕೂತೆ.

ಮರುದಿನ ಶೆಟ್ಟರು ಒಂದು ಉಪಕಾರ ಮಾಡಿದರು. ಟೂರು ರದ್ದಾದ ಸುದ್ದಿ ಕೇಳಿ, ಪಾಪ, ಸೂಟ್‌ಕೇಸನ್ನು ತಾವೇ ಎತ್ತಿಕೊಂಡು ನಮ್ಮ ಬಾಗಿಲಿಗೆ ತಂದರು. ಇನ್ನೇನು ಒಳಗೆ ಇಡಬೇಕು, ಅಷ್ಟರಲ್ಲಿ ಸುಮಿತ್ರೆ ಲಟ್ಟಣಿಗೆ ಹಿಡಿದೇ ಓಡಿ ಬಂದು, "ಒಳಗ ತರಬ್ಯಾಡ್ರಿ ಶೆಟ್ಟರ" ಎಂದಳು. ಶೆಟ್ಟರು ಲಟ್ಟಣಿಗೆಯನ್ನು ನೋಡಿ ಸೂಟ್‌ಕೇಸನ್ನು ಅಲ್ಲಿಯೇ ಇಳಿಸಿ ಹೊರಟುಹೋದರು. ಅವರ ಮನೆಯಿಂದ ಹೊರಬಿದ್ದ ಪ್ರಸ್ಥಾನ ಅಲ್ಲಿಗೆ ಮರಳುವಂತಿಲ್ಲ, ನಮ್ಮ ಮನೆಗೆ ಬರುವಂತಿಲ್ಲ. ಸೂಟ್‌ಕೇಸು ಪ್ಯಾಸೇಜಿನಲ್ಲೇ ತ್ರಿಶಂಕುವಾಗಿ ನಿಂತಿತು. ಸಂಜೆಗೆ ಸೊಸೈಟಿಯ ಸೆಕ್ರೆಟರಿ ಬೆಲ್ ಬಾರಿಸಿ, "ಕಾಕಾ, ಹೀ ಬೇವಾರಸ್ ಬ್ಯಾಗ್ ಕುಣಾಚೀ?" ಎಂದು ವಿಚಾರಿಸಿದರು. ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂದು ಲೋಕಲ್ಲಿನಲ್ಲಿ ದಿನಾ ಕೇಳುವವರು ನಾವು. ನನ್ನದೇ ಎಂದು ಒಪ್ಪಿಕೊಂಡೆ. ನಾಳೆಯೊಳಗೆ ತೆಗೆಯಿರಿ ಎಂದು ಹೇಳಿ ಹೋದರು.

ರಾತ್ರಿ ಊಟಕ್ಕೆ ಕೂತಾಗ ಸುಮಿತ್ರೆ ತಾನೇ ದಾರಿ ತೋರಿಸಿದಳು. "ಪ್ರಯಾಣ ಅಂದ್ರ ಪ್ರಯಾಣ. ಪಂಚಾಂಗದಾಗ ಎಲ್ಲಿಗೆ ಅಂತ ಬರದಿರೂದಿಲ್ಲ. ಬೈಕುಲ್ಲಾದ ಝೂದಾಗ ಪೆಂಗ್ವಿನ್ ಅದಾವಂತ. ಬರ್ಫದಾಗಿನ ಹಕ್ಕಿ. ಅದನ್ನರ ನೋಡಿ ಬರೂಣು."

ಹೀಗೆ ನಮ್ಮ ವಿದೇಶ ಪ್ರವಾಸ ಜೋಗೇಶ್ವರಿಯಿಂದ ಹೊರಟಿತು. ದಾದರಿನಲ್ಲಿ ಗಾಡಿ ಬದಲಿಸುವಾಗ ಸೇತುವೆಯ ಮೆಟ್ಟಿಲುಗಳನ್ನು ಅವಳು ಕಟಾಂಜನ ಹಿಡಿದು ಒಂದೊಂದಾಗಿ ಹತ್ತಿದಳು. ಹಿಂದಿನಿಂದ ನೂಕುವ ಜನಕ್ಕೆ ನಾನು ಸೂಟ್‌ಕೇಸು ಅಡ್ಡ ಹಿಡಿದು ಬೈಗುಳ ತಿಂದೆ. ಈ ಕಾಲುಗಳಿಂದ ಅವಳು ಹಿಮದ ತನಕ ಹೋಗಲು ಸಿದ್ಧಳಿದ್ದಳಲ್ಲ ಎಂದು ಆಗ ಹೊಳೆಯಿತು.

ಝೂದ ಗೇಟಿನಲ್ಲಿ ಗಾರ್ಡು ತಡೆದು ಸೂಟ್‌ಕೇಸು ತೆರೆಯಲು ಹೇಳಿದ. ಮೇಲೆ ನನ್ನ ಮಂಕಿ ಕ್ಯಾಪು. ಕೆಳಗೆ ನನ್ನ ಎರಡು ಸ್ವೆಟರು, ನನ್ನ ಮಫ್ಲರು, ನನ್ನ ಉಣ್ಣೆಯ ಕಾಲುಚೀಲ, ನನ್ನ ಪ್ಯಾಂಟುಗಳು. ಮೂಲೆಯಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ. ಅವಳದೊಂದು ಸೀರೆ ಇಲ್ಲ, ಶಾಲಿಲ್ಲ. ಗಾರ್ಡು ಬೆವರು ಒರೆಸಿಕೊಳ್ಳುತ್ತ, "ಮೇಡಂ ಕಾ ಕುಛ್ ನಹೀಂ?" ಎಂದ. ನಾನೂ ಅದನ್ನೇ ಕಣ್ಣಿನಲ್ಲಿ ಕೇಳಿದೆ.

"ಯಾರ ಅರಿವಿ ಇಡತಾರೋ ಅವರು ಹೋಗಲೇಬೇಕಲ್ಲ" ಎಂದಳು ಸುಮಿತ್ರೆ. "ನಾ ಹೆಂಗಿದ್ರೂ ಹೋಗಾಕಿನ ಇದ್ದೆ. ತಪ್ಪಿಸಿಕೊಳ್ಳೋರು ನೀವು. ಅದಕ್ಕ ನಿಮ್ಮವನ್ನ ಇಟ್ಟೆ. ಅಮಾಸಿ ಬರೀ ನೆವ."

ನೆವ ಹೇಳುವುದರಲ್ಲಿ ಮನೆಯಲ್ಲಿ ನಾನೊಬ್ಬನೇ ಪಳಗಿದವನು ಎಂದುಕೊಂಡಿದ್ದೆ.

ಇಷ್ಟು ದೊಡ್ಡ ಸಾಮಾನು ಒಳಗೆ ಬಿಡುವುದಿಲ್ಲ ಎಂದ ಗಾರ್ಡು. ಬಿಟ್ಟು ಹೋದರೆ ಮತ್ತೆ ಬೇವಾರಸ್ ವಸ್ತು. ಯಾರೋ ಒಬ್ಬರು ಕಾಯಬೇಕಿತ್ತು. ಹಾಗಾಗಿ ಪ್ರಸ್ಥಾನ ಯಾರದೋ ಅವನು ಹೊರಗೆ ಕಟ್ಟೆಯ ಮೇಲೆ ಕೂತ, ಪ್ರಯಾಣದ ಆಸೆ ಯಾರದೋ ಅವಳು ಒಬ್ಬಳೇ ಕುಂಟುತ್ತ ಒಳಗೆ ಹೋದಳು. ಶಾಲೆಯ ಮಕ್ಕಳ ಸಾಲಿನ ಹಿಂದೆ ಅವಳ ಸೀರೆಯ ಸೆರಗು ಮರೆಯಾಗುವ ತನಕ ನೋಡಿದೆ. ಆ ಹುಡುಗಿ ಹೇಳಿದ ಎರಡು ದಿನ ನಾನು ಕಾಯಬಹುದಿತ್ತು. ಪ್ರವಾಸ ಹೇಗೂ ನಿಲ್ಲುತ್ತಿತ್ತು, ಆದರೆ ನಿಲ್ಲಿಸಿದವನು ನಾನಾಗುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಬಂದು ಪಕ್ಕದಲ್ಲಿ ಕೂತು ಮೊಣಕಾಲು ಒತ್ತಿಕೊಂಡಳು. "ಸಣ್ಣಾವು ಅದಾವ್ರಿ, ಕರೇ ಕೋಟು ಹಾಕ್ಕೊಂಡು ನಿಮ್ಮ ಆಫೀಸಿನವರಂಗ ಸುಮ್ಮನ ನಿಂತಿರತಾವ. ಬರ್ಫ ಏನೂ ಕಾಣಲಿಲ್ಲ. ಆದ್ರ ಗಾಜು ಮಾತ್ರ ಥಂಡಿ ಇತ್ತು. ಕೈ ಇಟಗೊಂಡ ನಿಂತಿದ್ದೆ. ನೋಡ್ರಿಲ್ಲೆ" ಎಂದು ತನ್ನ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿದಳು.

ಆ ಬಿಸಿಲಿನಲ್ಲಿ ನಡೆದು ಬಂದ ಅಂಗೈ ಒಲೆಯ ಮುಂದಿನಿಂದ ಎದ್ದು ಬಂದಷ್ಟೇ ಬೆಚ್ಚಗಿತ್ತು. "ಹೌದ ಮಾರಾಯ್ತಿ, ಭಾಳ ಥಂಡಿ ಅದ" ಎಂದೆ. ಅಷ್ಟು ಸಾಲದೆನಿಸಿ, ಸೂಟ್‌ಕೇಸು ತೆರೆದು, ಮಂಕಿ ಕ್ಯಾಪು ತೆಗೆದು ಗದ್ದದ ತನಕ ಎಳೆದುಕೊಂಡೆ. ಅವಳು ಅಂದು ಮೊದಲ ಸಲ ನಕ್ಕಳು, ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಾರ್ಡು ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕ್ಯಾ ಅಂಕಲ್, ಆಪ್ ಕೋ ಥಂಡ್ ಲಗ್ ರಹೀ ಹೈ?" ಎಂದ. ಹೌದಪ್ಪಾ ಎಂದೆ. ಬೆವರು ಮಂಕಿ ಕ್ಯಾಪಿನೊಳಗೇ ಇಳಿಯುತ್ತಿದ್ದುದರಿಂದ, ಕಣ್ಣಿನಿಂದ ಇಳಿದದ್ದು ಯಾವುದು ಎಂದು ಅವನಿಗೆ ತಿಳಿಯಲಿಲ್ಲ.